ಮುಪ್ಪಿನ ಆಸರೆಯೂ ಅದರ ಕಾವಲೂ

ಮುಪ್ಪು ಯಾರನ್ನೂ ಬಿಟ್ಟುದಲ್ಲ. ತೊಟ್ಟಿಲಲ್ಲಿದ್ದಾಗ ಪರರ ಕೈಯನ್ನು ನೆಚ್ಚಿದಂತೆಯೇ ಕೋಲು ಹಿಡಿದ ಮೇಲೆಯೂ ಮನುಷ್ಯನು ಪರರ ಕೈಯನ್ನು ನೆಚ್ಚಬೇಕಾಗುತ್ತದೆ. ಆದರೆ ಕೂಸಿನ ಅಳುವಿಗೆ ಮನೆಯೆಲ್ಲ ಎದ್ದು ಕೂಡುವುದು. ಮುದುಕರ ನರಳಿಕೆಗೆ ಹಾಗೆ ಎದ್ದು ಬರುವವರು ಕಡಿಮೆ. ಮನೆಯಲ್ಲಿಯೇ ಇರುವ ವೃದ್ಧರ ಮೇಲೆ ನೆರೆಹೊರೆಯವರ ಕಣ್ಣಾದರೂ ಇರುತ್ತದೆ. ಹಣ ಪಡೆದು ನೋಡಿಕೊಳ್ಳುವ ಸಂಸ್ಥೆಯೊಂದರ ಬಾಗಿಲೊಳಗೆ ಅವರು ಸೇರಿದ ತರುವಾಯ, ಅಲ್ಲಿ ಅವರಿಗೆ ಆಗುತ್ತಿರುವುದು ಒಳಿತೋ ಕೆಡುಕೋ ಎಂಬುದನ್ನು ಅರಿಯುವ ಬಗೆ ಯಾವುದು? ಕಾಯುವವರನ್ನು ಕಾಯುವವರು ಯಾರು? ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಅಮೇರಿಕ ದೇಶವು ಸುಮಾರು ತೊಂಬತ್ತು ವರ್ಷಗಳನ್ನು ಕಳೆದಿದೆ. ಆ ಇತಿಹಾಸವನ್ನು ವಾಚಕರ ಮುಂದಿಡುವುದೇ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಮೊದಲು ಒಂದು ಪದದ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯಕ. ನಮ್ಮ ಊರುಗಳಲ್ಲಿ ‘ನರ್ಸಿಂಗ್ ಹೋಮ್’ ಎಂದರೆ ಹೆರಿಗೆ, ಶಸ್ತ್ರಚಿಕಿತ್ಸೆಗಳು ನಡೆಯುವ ಖಾಸಗಿ ಚಿಕ್ಕ ಆಸ್ಪತ್ರೆ. ಅಮೇರಿಕದಲ್ಲಿ ಅದೇ ಹೆಸರಿಗೆ ಬೇರೊಂದು ಅರ್ಥವಿದೆ. ತಾವಾಗಿಯೇ ಸ್ನಾನ ಮಾಡಲಾರದ, ಉಡಲಾರದ, ಹಾಸಿಗೆಯಿಂದ ಏಳಲಾರದ ವೃದ್ಧರೂ ದುರ್ಬಲರೂ ತಿಂಗಳುಗಟ್ಟಲೆ, ವರ್ಷಗಟ್ಟಲೆ, ಅನೇಕ ವೇಳೆ ಕೊನೆಯುಸಿರಿನವರೆಗೆ ವಾಸಿಸುವ ಮನೆ ಅದು. ಇಲ್ಲಿ ಅದನ್ನು ‘ಶುಶ್ರೂಷಾಗೃಹ’ವೆಂದು ಕರೆಯೋಣ. ಇಂದು ಆ ದೇಶದಲ್ಲಿ ಇಂಥ ಸುಮಾರು ೧೫ ಸಾವಿರ ಗೃಹಗಳಿದ್ದು, ಸುಮಾರು ೧೨ ಲಕ್ಷ ಜನರು ಅವುಗಳಲ್ಲಿ ವಾಸವಾಗಿದ್ದಾರೆ.

ಈ ಗೃಹಗಳ ಮೂಲವನ್ನು ಅರಸಿದರೆ ಹತ್ತೊಂಬತ್ತನೆಯ ಶತಮಾನದ ಬಡವರ ಮನೆಗಳು ಕಣ್ಣಿಗೆ ಬೀಳುತ್ತವೆ. ಊರು ಇಲ್ಲವೆ ಜಿಲ್ಲೆಯ ಆಡಳಿತವು ನಡೆಸುತ್ತಿದ್ದ ಆ ಮನೆಗಳಲ್ಲಿ ದಿಕ್ಕಿಲ್ಲದ ಮುದುಕರು, ಬುದ್ಧಿಭ್ರಮಣೆಯಾದವರು, ಅಂಗವಿಕಲರು, ಕುಡುಕರು ಎಲ್ಲರೂ ಒಂದೇ ಸೂರಿನಡಿಯಲ್ಲಿ ಇರಬೇಕಾಗಿತ್ತು. ಅಲ್ಲಿ ಸಾಯುವುದೆಂದರೆ ಮಾನಗೇಡೆಂದು ಜನರು ಹೆದರುತ್ತಿದ್ದರು. ೧೯೩೫ರ ಆಗಸ್ಟ್ ೧೪ರಂದು ಅಧ್ಯಕ್ಷ ರೂಸ್‌ವೆಲ್ಟರು ಸಾಮಾಜಿಕ ಭದ್ರತಾ ಕಾಯಿದೆಗೆ ಸಹಿ ಹಾಕಿದಾಗ, ಬಡ ವೃದ್ಧರಿಗೆ ಕೇಂದ್ರ ಸರಕಾರದ ನೆರವಿನಿಂದ ನಗದು ಹಣ ದೊರೆಯುವಂತಾಯಿತು. ಸರಕಾರಿ ಬಡವರ ಮನೆಗಳು ತಾವಾಗಿಯೇ ಅಳಿಯಲೆಂಬ ಸದುದ್ದೇಶದಿಂದ, ಆ ಮನೆಗಳಲ್ಲಿರುವವರಿಗೆ ಈ ಹಣ ಸಲ್ಲದೆಂದು ಕಾಯಿದೆಯಲ್ಲಿ ವಿಧಿಸಲಾಯಿತು.

ಆದರೆ ಕಾಯಿದೆ ಮಾಡಿದವರು ಒಂದು ಸಂಗತಿಯನ್ನು ಮುಂಗಾಣಲಿಲ್ಲ. ಬಡವರ ಮನೆಯಲ್ಲಿದ್ದ ಅನೇಕರು ಕೇವಲ ಬಡವರಾಗಿರಲಿಲ್ಲ. ಕೈಕಾಲು ಬಿದ್ದುಹೋದ, ರೋಗದಿಂದ ನವೆದ, ಹೋಗಲು ಬೇರೆ ಮನೆಯಿಲ್ಲದ ಜನರೂ ಆಗಿದ್ದರು. ಕೈಗೆ ಹಣ ಬಂದಿತು. ಆರೈಕೆ ಮಾಡುವವರು ಬರಲಿಲ್ಲ. ಆಗ ಮನೆಯಲ್ಲಿ ನಾಲ್ಕಾರು ಕೋಣೆಗಳನ್ನು ತೆರವು ಮಾಡಿಕೊಂಡು, ವೃದ್ಧರನ್ನು ಇಟ್ಟುಕೊಂಡು, ಅವರ ಸಹಾಯಧನವನ್ನು ಪಡೆಯುವ ಖಾಸಗಿ ಗೃಹಗಳು ದೇಶದ ತುಂಬ ಹುಟ್ಟಿಕೊಂಡವು. ಶುಶ್ರೂಷಾಗೃಹದ ಉದ್ಯಮವು ಹುಟ್ಟಿದ ಬಗೆ ಹೀಗೆ. ರಾಜ್ಯಗಳು ಇಂಥ ಗೃಹಗಳಿಗೆ ಪರವಾನಿಗೆ ಕೊಡುವ ವ್ಯವಸ್ಥೆಯನ್ನು ಮಾಡಿಕೊಳ್ಳಬೇಕೆಂದು ಕೇಂದ್ರವು ವಿಧಿಸಿದ್ದು ೧೯೫೦ರ ತಿದ್ದುಪಡಿಯಲ್ಲಿ. ಅಷ್ಟರಲ್ಲಿ ಹದಿನೈದು ವರ್ಷಗಳು ಕಳೆದಿದ್ದವು. ಹಣವು ಮುಂದೆ ನಡೆದು ಕಾವಲು ಹಿಂದೆ ಉಳಿಯುವ ಈ ಕ್ರಮವು ಮುಂದೆಯೂ ಹಲವು ಸಲ ಮರಳಿ ಬರುವುದನ್ನು ವಾಚಕರು ಗಮನಿಸಬೇಕು.

೧೯೬೩ರ ನವೆಂಬರ್ ೨೩ರ ಬೆಳಗಿನ ಜಾವ ಓಹಾಯೊ ರಾಜ್ಯದ ಫಿಚ್‌ವಿಲ್ ಎಂಬ ಹಳ್ಳಿಯ ಶುಶ್ರೂಷಾಗೃಹವೊಂದಕ್ಕೆ ಬೆಂಕಿ ಬಿದ್ದು ೬೩ ಜನ ನಿವಾಸಿಗಳು ಮಡಿದರು. ಹಿಂದಿನ ದಿನವಷ್ಟೇ ಅಧ್ಯಕ್ಷ ಕೆನಡಿಯವರ ಕೊಲೆಯಾಗಿತ್ತು. ಇಡೀ ದೇಶವು ಆ ಶೋಕದಲ್ಲಿ ಮುಳುಗಿದ್ದರಿಂದ ಈ ಮುದುಕರ ಸಾವು ಪತ್ರಿಕೆಗಳ ಮೂಲೆಯಲ್ಲಿ ಉಳಿಯಿತು. ಎರಡೇ ವರ್ಷಗಳಲ್ಲಿ, ೧೯೬೫ರ ಜುಲೈ ೩೦ರಂದು, ಅಧ್ಯಕ್ಷ ಜಾನ್ಸನ್ನರು ಮೆಡಿಕೇರ್ ಮತ್ತು ಮೆಡಿಕೇಡ್ ಎಂಬ ಎರಡು ಯೋಜನೆಗಳ ಕಾಯಿದೆಗೆ ಸಹಿ ಹಾಕಿದರು. ಮೊದಲನೆಯದು ವೃದ್ಧರ ಆರೋಗ್ಯ ವಿಮೆ; ಎರಡನೆಯದು ಬಡವರ ಚಿಕಿತ್ಸೆಯ ವೆಚ್ಚವನ್ನು ಕೇಂದ್ರವೂ ರಾಜ್ಯವೂ ಕೂಡಿ ಭರಿಸುವ ಯೋಜನೆ. ಕೂಡಿಟ್ಟ ಹಣವೆಲ್ಲ ಕರಗಿದ ವೃದ್ಧರ ಶುಶ್ರೂಷಾಗೃಹದ ಖರ್ಚು ಈ ಎರಡನೆಯ ಯೋಜನೆಯ ಮೇಲೆಯೇ ಬಿದ್ದಿತು. ಸರಕಾರದ ಬೊಕ್ಕಸದಿಂದ ಹಣವು ಹೊಳೆಯಾಗಿ ಹರಿಯತೊಡಗಿತು. ಮೆಡಿಕೇರ್ ವಿಧಿಸಿದ ಮಟ್ಟವನ್ನು ಮುಟ್ಟಬಲ್ಲ ಗೃಹಗಳು ಮಾತ್ರ ಬೆರಳೆಣಿಕೆಯಷ್ಟಿದ್ದವು. ಆದಕಾರಣ ‘ಬಹುಮಟ್ಟಿಗೆ ನಿಯಮಕ್ಕೆ ಒಳಪಟ್ಟಿವೆ’ ಎಂಬ ಸಡಿಲವಾದ ಮಾತಿನ ಮೇಲೆ ಸಾವಿರಾರು ಗೃಹಗಳಿಗೆ ಮಾನ್ಯತೆ ದೊರೆಯಿತು.

೧೯೭೦ರ ಜನವರಿಯಲ್ಲಿ ಅದೇ ಓಹಾಯೊ ರಾಜ್ಯದ ಮ್ಯಾರಿಯೆಟಾ ಪಟ್ಟಣದ ಗೃಹವೊಂದರಲ್ಲಿ ಬೆಂಕಿ ಎದ್ದು, ನೆಲಹಾಸಿನಿಂದ ಹೊಮ್ಮಿದ ದಟ್ಟ ಹೊಗೆಗೆ ಮೂವತ್ತಕ್ಕೂ ಹೆಚ್ಚು ವೃದ್ಧರು ಉಸಿರುಗಟ್ಟಿ ಸತ್ತರು. ಕಟ್ಟಡವು ಹೊಸದು, ಗೋಡೆಗಳು ಬೆಂಕಿ ತಡೆಯುವಂಥವು. ಈ ಸಲ ದೇಶವು ಕಣ್ತೆರೆದು ನೋಡಿತು. ಯೂಟಾ ರಾಜ್ಯದ ಸೆನೆಟರ್ ಫ್ರಾಂಕ್ ಮಾಸ್‌ರ ಅಧ್ಯಕ್ಷತೆಯ ಉಪಸಮಿತಿಯು ಹಲವು ವರ್ಷ ಸಾಕ್ಷ್ಯಗಳನ್ನು ಕೇಳಿ, ೧೯೭೪ರಿಂದ ತನ್ನ ವರದಿಗಳನ್ನು ಪ್ರಕಟಿಸತೊಡಗಿತು. ಸಾರ್ವಜನಿಕ ನೀತಿಯ ವೈಫಲ್ಯವೆಂದೇ ಆ ವರದಿಯ ತಲೆಬರಹದಲ್ಲಿ ಹೇಳಲಾಗಿತ್ತು. ಕಟ್ಟಡ, ಬಾಗಿಲು, ಬೆಂಕಿ ಆರಿಸುವ ಸಾಧನ ಇವುಗಳ ನಿಯಮಗಳು ಕ್ರಮೇಣ ಬಿಗಿಯಾದವು. ಹಾಗಿದ್ದರೂ ಬೆಂಕಿ ಹೊತ್ತಿದೊಡನೆ ತಾನಾಗಿ ನೀರು ಚಿಮ್ಮಿಸುವ ಕೊಳವೆಗಳು ಕೇಂದ್ರದ ಹಣ ಪಡೆಯುವ ಎಲ್ಲ ಗೃಹಗಳಲ್ಲಿಯೂ ಕಡ್ಡಾಯವಾದುದು ೨೦೧೩ರಲ್ಲಿ. ಫಿಚ್‌ವಿಲ್ ಸುಟ್ಟು ಐವತ್ತು ವರ್ಷಗಳಾದ ಮೇಲೆ.

ಗೋಡೆಯ ಸುರಕ್ಷತೆಯು ಬೇಕಾದುದೇ. ಆದರೆ ಗೋಡೆಯೊಳಗೆ ಬದುಕುವ ಜೀವದ ಸ್ಥಿತಿಯನ್ನು ನೋಡುವವರು ಯಾರು? ಈ ಪ್ರಶ್ನೆಯನ್ನು ನ್ಯಾಯಾಲಯದ ಮೆಟ್ಟಿಲಿಗೆ ಒಯ್ದವರು ಶುಶ್ರೂಷಾಗೃಹದ ನಿವಾಸಿಗಳೇ. ೧೯೭೫ರಲ್ಲಿ ಕೊಲೊರಾಡೊ ರಾಜ್ಯದ ಡೆನ್ವರಿನಲ್ಲಿ ಹೂಡಿದ ಆ ಮೊಕದ್ದಮೆಯು ಮುಂದೆ ‘ಸ್ಮಿತ್ ವಿರುದ್ಧ ಹೆಕ್ಲರ್’ ಎಂದು ಪ್ರಸಿದ್ಧವಾಯಿತು. ಹೆಕ್ಲರ್ ಎಂಬವರು ಆಗಿನ ಕೇಂದ್ರ ಆರೋಗ್ಯ ಖಾತೆಯ ಕಾರ್ಯದರ್ಶಿ, ಅಂದರೆ ನಮ್ಮ ರೀತಿಯಲ್ಲಿ ಹೇಳುವುದಾದರೆ ಮಂತ್ರಿ. ಸರಕಾರವು ಹಣ ಕೊಡುತ್ತದೆ, ತಪಾಸಣೆಯನ್ನೂ ಮಾಡುತ್ತದೆ, ಆದರೆ ಆ ಹಣಕ್ಕೆ ತಕ್ಕ ಆರೈಕೆ ನಮಗೆ ನಿಜವಾಗಿ ದೊರೆಯುತ್ತಿದೆಯೇ ಎಂದು ನೋಡುವುದಿಲ್ಲ ಎಂಬುದು ವಾದಿಗಳ ದೂರು.

ಈ ವ್ಯಾಜ್ಯದಲ್ಲಿ ಹೊರಬಿದ್ದ ಒಂದು ಸಂಗತಿಯು ನಮ್ಮೆಲ್ಲರ ಲಕ್ಷ್ಯಕ್ಕೆ ಯೋಗ್ಯವಾಗಿದೆ. ತಪಾಸಣಾಧಿಕಾರಿಗಳು ತುಂಬಬೇಕಾಗಿದ್ದ ಸರಕಾರಿ ಫಾರ್ಮಿನಲ್ಲಿ ೫೪೧ ಪ್ರಶ್ನೆಗಳಿದ್ದವು. ಅವುಗಳಲ್ಲಿ ರೋಗಿಯ ಆರೈಕೆಗೆ ಅಲ್ಪಸ್ವಲ್ಪವಾದರೂ ಸಂಬಂಧಿಸಿದ, ಇಲ್ಲವೆ ರೋಗಿಯನ್ನು ಕಣ್ಣಾರೆ ನೋಡಬೇಕಾಗಬಹುದಾದ ಪ್ರಶ್ನೆಗಳು ಕೇವಲ ೩೦. ಉಳಿದವೆಲ್ಲ ಲಿಖಿತ ಧೋರಣೆ ಇದೆಯೇ, ದಾಖಲೆ ಇದೆಯೇ, ಸಾಧನ ಇದೆಯೇ, ಸಮಿತಿ ಕೂಡುತ್ತದೆಯೇ ಎಂಬ ಬಗೆಯವು. ಹಾಸಿಗೆ ಹುಣ್ಣಿನಿಂದ ಬೇಯುತ್ತಿರುವ ಮುದುಕಿಯೊಬ್ಬಳ ಕೋಣೆಯ ಮುಂದೆಯೇ ನಡೆದು ಹೋಗಿ, ಅವಳತ್ತ ತಿರುಗಿ ನೋಡದೆ, ಕಚೇರಿಯಲ್ಲಿ ಕುಳಿತು ಆ ಫಾರ್ಮಿನ ಹೆಚ್ಚಿನ ಭಾಗವನ್ನು ತುಂಬಬಹುದಾಗಿತ್ತು. ಗೃಹಕ್ಕೆ ಆರೈಕೆ ಮಾಡುವ ಸಾಮರ್ಥ್ಯವಿದೆಯೇ ಎಂದಷ್ಟೇ ಸರಕಾರವು ಕೇಳುತ್ತಿತ್ತು. ಆರೈಕೆ ಆಯಿತೇ ಎಂದು ಕೇಳುತ್ತಿರಲಿಲ್ಲ. ಕೆಳಗಿನ ನ್ಯಾಯಾಲಯವು ೧೯೮೩ರಲ್ಲಿ ವಾದಿಗಳ ವಿರುದ್ಧ ತೀರ್ಪಿತ್ತಿತು. ೧೯೮೪ರ ಅಕ್ಟೋಬರಿನಲ್ಲಿ ಮೇಲ್ಮನವಿಯ ನ್ಯಾಯಾಲಯವು ಅದನ್ನು ತಿರುಗಿಸಿ, ಹಣ ಪಡೆಯುವ ಗೃಹಗಳು ಉತ್ತಮ ಆರೈಕೆಯನ್ನು ವಾಸ್ತವವಾಗಿ ನೀಡುತ್ತಿವೆಯೇ ಎಂದು ಖಾತರಿ ಮಾಡಿಕೊಳ್ಳುವುದು ಸರಕಾರದ ಕರ್ತವ್ಯವೆಂದು ಸಾರಿತು.

ಇದೇ ಕಾಲದಲ್ಲಿ ಇನ್ನೊಂದು ಕಡೆಯಿಂದಲೂ ಕೆಲಸ ನಡೆದಿತ್ತು. ಎಲ್ಮಾ ಹೋಲ್ಡರ್ ಎಂಬ ಮಹಿಳೆಯು ೧೯೭೫ರಲ್ಲಿ ಹಲವು ನಾಗರಿಕ ಗುಂಪುಗಳನ್ನು ಕೂಡಿಸಿ, ಶುಶ್ರೂಷಾಗೃಹಗಳ ಸುಧಾರಣೆಗಾಗಿ ರಾಷ್ಟ್ರೀಯ ಒಕ್ಕೂಟವೊಂದನ್ನು ಕಟ್ಟಿದ್ದರು. ಆ ಒಕ್ಕೂಟದವರು ೧೯೮೫ರಲ್ಲಿ ೧೫ ನಗರಗಳ ನಾಲ್ಕು ನೂರಕ್ಕೂ ಹೆಚ್ಚು ನಿವಾಸಿಗಳ ಬಳಿ ಕುಳಿತು, ಒಳ್ಳೆಯ ಆರೈಕೆಯೆಂದರೆ ನಿಮ್ಮ ದೃಷ್ಟಿಯಲ್ಲಿ ಏನು ಎಂದು ಕೇಳಿದರು. ಇಷ್ಟು ಸರಳವಾದ ಪ್ರಶ್ನೆಯನ್ನು ಅದುವರೆಗೆ ಅವರಿಗೆ ಯಾರೂ ಈ ಪ್ರಮಾಣದಲ್ಲಿ ಕೇಳಿರಲಿಲ್ಲ. ನಿವಾಸಿಗಳು ಎಲ್ಲಕ್ಕಿಂತ ಮೊದಲು ಹೇಳಿದ್ದು ತಮ್ಮನ್ನು ನೋಡಿಕೊಳ್ಳುವ ಸಿಬ್ಬಂದಿಯ ವಿಷಯವನ್ನು: ಅವರ ನಡೆನುಡಿ, ಅವರ ಕರುಣೆ, ಅವರ ಸಂಖ್ಯೆ. ಏಳುವ ಹೊತ್ತು, ಉಣ್ಣುವ ಪದಾರ್ಥ ಇಂಥ ಸಣ್ಣ ವಿಷಯಗಳಲ್ಲಿ ತಮ್ಮ ಇಚ್ಛೆಗೂ ಬೆಲೆ ಇರಬೇಕೆಂಬುದೂ ಅವರ ಮಾತಾಗಿತ್ತು.

೧೯೮೨ರಲ್ಲಿ ರೇಗನ್ನರ ಆಡಳಿತವು ಇದ್ದ ನಿಯಮಗಳನ್ನೇ ಸಡಿಲಿಸಲು ಹೊರಟಾಗ ದೊಡ್ಡ ಗದ್ದಲವೆದ್ದಿತು. ಅದನ್ನು ಶಮನಗೊಳಿಸಲು ಇಡೀ ವಿಷಯವನ್ನು ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಎಂಬ ವಿದ್ವತ್ಸಂಸ್ಥೆಗೆ ಒಪ್ಪಿಸಲಾಯಿತು. ಸಮಿತಿಯ ಅಧ್ಯಕ್ಷರು ವೈದ್ಯ ಸಿಡ್ನಿ ಕಾಟ್ಜ್. ಸ್ನಾನ, ಉಡುಗೆ, ಶೌಚ, ಹಾಸಿಗೆಯಿಂದ ಕುರ್ಚಿಗೆ ಹೋಗುವುದು, ಮಲಮೂತ್ರಗಳ ಹಿಡಿತ, ಊಟ ಎಂಬ ಆರು ದಿನನಿತ್ಯದ ಕ್ರಿಯೆಗಳಲ್ಲಿ ಮನುಷ್ಯನು ಎಷ್ಟು ಸ್ವತಂತ್ರನೆಂಬುದನ್ನು ಅಳೆಯುವ ಕ್ರಮವನ್ನು ೧೯೬೩ರಲ್ಲಿ ತಮ್ಮ ಸಂಗಡಿಗರೊಡನೆ ಪ್ರಕಟಿಸಿದವರು ಅವರೇ. ವೃದ್ಧರ ಸ್ಥಿತಿಯನ್ನು ರೋಗದ ಹೆಸರಿನಿಂದ ಅಳೆಯದೆ ಬದುಕಿನ ಕ್ರಿಯೆಯಿಂದ ಅಳೆಯಲು ಇದರಿಂದ ದಾರಿಯಾಗಿತ್ತು. ಸಮಿತಿಯ ವರದಿಯು ೧೯೮೬ರಲ್ಲಿ ಹೊರಬಿದ್ದಿತು. ೧೯೮೭ರ ಡಿಸೆಂಬರ್ ೨೨ರಂದು ಅದೇ ರೇಗನ್ನರು ಸಹಿ ಮಾಡಿದ ಕಾಯಿದೆಯಲ್ಲಿ ಶುಶ್ರೂಷಾಗೃಹಗಳ ಸುಧಾರಣೆಯು ಸೇರಿಕೊಂಡಿತು. ಅದರ ಮುಖ್ಯ ನಿಯಮಗಳು ೧೯೯೦ರ ಅಕ್ಟೋಬರಿನಿಂದ ಜಾರಿಗೆ ಬಂದವು.

ಈ ಕಾಯಿದೆಯ ತಿರುಳನ್ನು ಸಂಕ್ಷೇಪವಾಗಿ ಹೇಳಬಹುದು. ಪ್ರತಿಯೊಬ್ಬ ನಿವಾಸಿಯು ದೇಹ, ಮನಸ್ಸು, ಸಹಜೀವನ ಈ ಮೂರರಲ್ಲಿಯೂ ತನಗೆ ಸಾಧ್ಯವಾದ ಅತ್ಯುಚ್ಚ ಸ್ಥಿತಿಯನ್ನು ಮುಟ್ಟುವಂತೆ, ಮುಟ್ಟಿದುದನ್ನು ಉಳಿಸಿಕೊಳ್ಳುವಂತೆ ನೋಡುವುದು ಗೃಹದ ಹೊಣೆ. ಸೇರಿದ ೧೪ ದಿನಗಳಲ್ಲಿ ಪ್ರತಿಯೊಬ್ಬರ ಪೂರ್ಣ ಪರೀಕ್ಷೆಯಾಗಬೇಕು. ಮೂರು ತಿಂಗಳಿಗೊಮ್ಮೆ ಅದನ್ನು ಮರಳಿ ನೋಡಬೇಕು. ಆರೈಕೆ ಮಾಡುವ ಸಹಾಯಕರಿಗೆ ಕನಿಷ್ಠ ೭೫ ತಾಸುಗಳ ತರಬೇತಿ ಆಗಿರಬೇಕು. ತಪಾಸಣೆಯು ಮುನ್ಸೂಚನೆಯಿಲ್ಲದೆ, ಹೆಚ್ಚೆಂದರೆ ೧೫ ತಿಂಗಳಿಗೊಮ್ಮೆ ನಡೆಯಬೇಕು. ತಪಾಸಣಾಧಿಕಾರಿಗಳು ನಿವಾಸಿಗಳೊಡನೆಯೇ ಮಾತನಾಡಬೇಕು. ಏಕಾಂತ, ಸ್ವಂತ ವೈದ್ಯನ ಆಯ್ಕೆ, ಬಂಧುಗಳ ಭೇಟಿ, ದೂರು ಹೇಳುವುದು ಇವೆಲ್ಲ ನಿವಾಸಿಯ ಹಕ್ಕುಗಳೆಂದು ಗಣನೆಗೆ ಬಂದವು. ಚಿಕಿತ್ಸೆಗೆ ಅಗತ್ಯವಿಲ್ಲದೆ, ಶಿಸ್ತಿಗಾಗಿಯೋ ಸಿಬ್ಬಂದಿಯ ಅನುಕೂಲಕ್ಕಾಗಿಯೋ ಯಾರನ್ನೂ ಪಟ್ಟಿಯಿಂದಾಗಲಿ ಔಷಧದಿಂದಾಗಲಿ ಕಟ್ಟಿಹಾಕಕೂಡದೆಂದು ವಿಧಿಸಲಾಯಿತು.

ಈ ಕಡೆಯ ವಿಧಿಯ ಮಹತ್ವವನ್ನು ಅರಿಯಬೇಕಾದರೆ ಅಂದಿನ ಸ್ಥಿತಿಯನ್ನು ತಿಳಿಯಬೇಕು. ೧೯೮೦ರ ದಶಕದ ಕೊನೆಯಲ್ಲಿ ಅಮೇರಿಕದ ಶುಶ್ರೂಷಾಗೃಹಗಳಲ್ಲಿ ನೂರಕ್ಕೆ ಸುಮಾರು ನಲವತ್ತು ಜನರನ್ನು ಕುರ್ಚಿಗೋ ಮಂಚಕ್ಕೋ ಪಟ್ಟಿಗಳಿಂದ ಕಟ್ಟಲಾಗುತ್ತಿತ್ತೆಂದು ಅಂದಾಜಿದೆ. ಬೀಳದಿರಲೆಂದು ಕಟ್ಟುತ್ತೇವೆ ಎಂಬುದು ಸಿಬ್ಬಂದಿಯ ಸಮಾಧಾನ, ಅದರಲ್ಲಿ ಕಪಟವಿರಲಿಲ್ಲ. ಆದರೆ ಕಟ್ಟಿದ ಕಾಲು ಬಲಗುಂದುತ್ತದೆ, ಒಂದೇ ಕಡೆ ಒತ್ತಿದ ಮೈಯಲ್ಲಿ ಹುಣ್ಣಾಗುತ್ತದೆ, ಬಿಡಿಸಿಕೊಳ್ಳಲು ಹೆಣಗುವಾಗ ಪಟ್ಟಿಯೇ ಕೊರಳಿಗೆ ಬಿಗಿದು ಸಾವು ಬಂದುದೂ ಉಂಟು. ಪೆನ್ಸಿಲ್ವೇನಿಯದಲ್ಲಿ ಕ್ವೇಕರ್ ಪಂಥದವರ ಕೆಂಡಲ್ ಎಂಬ ಗೃಹವು ೧೯೭೩ರಲ್ಲಿ ಆರಂಭವಾದಂದಿನಿಂದಲೂ ಯಾರನ್ನೂ ಕಟ್ಟದೆಯೇ ನಡೆಯಬಹುದೆಂದು ತೋರಿಸಿತ್ತು. ಅದೇ ರಾಜ್ಯದ ಲೋಯಿಸ್ ಇವಾನ್ಸ್ ಮತ್ತು ನೆವಿಲ್ ಸ್ಟ್ರಂಪ್ ಎಂಬ ಶುಶ್ರೂಷಾಶಾಸ್ತ್ರದ ವಿದುಷಿಯರು, ಕಟ್ಟುವುದರಿಂದ ವೃದ್ಧರು ಸುರಕ್ಷಿತರಾಗುತ್ತಾರೆಂಬ ನಂಬಿಕೆಗೆ ಆಧಾರವಿಲ್ಲವೆಂದು ೧೯೮೯ರ ತಮ್ಮ ಲೇಖನದಲ್ಲಿ ವಿವರಿಸಿದರು. ಕಾಯಿದೆ ಜಾರಿಗೆ ಬಂದ ಬಳಿಕ ಪಟ್ಟಿಗಳು ಬಿಚ್ಚತೊಡಗಿದವು. ಎರಡು ದಶಕಗಳೊಳಗೆ ಕಟ್ಟಲ್ಪಟ್ಟವರು ನೂರಕ್ಕೆ ಐದಕ್ಕಿಂತ ಕಡಿಮೆಯಾದರು. ಕಾಯಿದೆಯೊಂದು ಲಕ್ಷಾಂತರ ಜನರ ಕಟ್ಟುಗಳನ್ನು ಅಕ್ಷರಶಃ ಬಿಚ್ಚಿದ ಉದಾಹರಣೆ ಇದು.

ಹಾಗೆಯೇ ಹೊರಗಿನ ಕಣ್ಣೊಂದನ್ನು ಒಳಗಿಡುವ ಏರ್ಪಾಡೂ ಆಗಿತ್ತು. ಸ್ವೀಡನ್ ದೇಶದ ಮಾತಿನಿಂದ ಬಂದ ‘ಓಂಬುಡ್ಸ್‌ಮನ್’ ಎಂಬ ಹೆಸರಿನಲ್ಲಿ, ನಿವಾಸಿಗಳ ದೂರನ್ನು ಕೇಳಿ ಅವರ ಪರವಾಗಿ ಮಾತನಾಡುವ ಅಧಿಕಾರಿಯ ಯೋಜನೆಯು ೧೯೭೨ರಲ್ಲಿ ಪ್ರಯೋಗವಾಗಿ ಆರಂಭವಾಗಿ, ೧೯೭೮ರ ತಿದ್ದುಪಡಿಯಿಂದ ಎಲ್ಲ ರಾಜ್ಯಗಳಲ್ಲಿಯೂ ಕಡ್ಡಾಯವಾಯಿತು. ಅವರ ಕೈಕೆಳಗೆ ಸಂಬಳವಿಲ್ಲದ ಸ್ವಯಂಸೇವಕರು ಸಾವಿರಾರು ಸಂಖ್ಯೆಯಲ್ಲಿ ಗೃಹಗಳಿಗೆ ಹೋಗಿ ಬರುತ್ತ ವೃದ್ಧರ ಮಾತು ಕೇಳುತ್ತಾರೆ.

ಇಷ್ಟಾದ ಮೇಲೆ ಎಲ್ಲವೂ ನೆಟ್ಟಗಾಯಿತೆಂದು ವಾಚಕರು ಭಾವಿಸಬಾರದು. ಕಾಗದದ ಮೋಹ ಬೇರೆ ವೇಷದಲ್ಲಿ ಮರಳಿ ಬಂದಿತು. ಪಟ್ಟಿಯಿಂದ ಕಟ್ಟುವುದು ಕಡಿಮೆಯಾದಂತೆ, ಮರೆಗುಳಿ ರೋಗದ ವೃದ್ಧರನ್ನು ಮಂಪರಿನಲ್ಲಿಡುವ ಔಷಧಗಳು ಅನೇಕ ಕಡೆ ಉಳಿದುಕೊಂಡವು. ತೀವ್ರ ಮನೋವಿಕಾರಕ್ಕಾಗಿ ತಯಾರಾದ ಆ ಔಷಧಗಳಿಂದ ಇಂಥ ವೃದ್ಧರಿಗೆ ಸಾವಿನ ಅಪಾಯ ಹೆಚ್ಚೆಂದು ೨೦೦೫ರಲ್ಲಿ ಸರಕಾರವೇ ಎಚ್ಚರಿಸಿತು. ೨೦೧೧ರ ಕೊನೆಗೆ ದೀರ್ಘಕಾಲದ ನಿವಾಸಿಗಳಲ್ಲಿ ನೂರಕ್ಕೆ ಸುಮಾರು ೨೪ ಜನರಿಗೆ ಅವನ್ನು ಕೊಡಲಾಗುತ್ತಿತ್ತು. ೨೦೧೨ರಲ್ಲಿ ಅದನ್ನು ತಗ್ಗಿಸುವ ಆಂದೋಲನ ಆರಂಭವಾಗಿ ಸಂಖ್ಯೆ ಇಳಿಯಿತು. ಆದರೆ ಸ್ಕಿಜೋಫ್ರೇನಿಯ ಎಂಬ ಮನೋರೋಗವುಳ್ಳವರನ್ನು ಆ ಎಣಿಕೆಯಿಂದ ಬಿಡಲಾಗಿತ್ತು. ಕೆಲವು ಗೃಹಗಳಲ್ಲಿ ವೃದ್ಧರಿಗೆ ಆ ರೋಗವಿದೆಯೆಂದು ಸುಮ್ಮಸುಮ್ಮನೆ ಬರೆದು ಲೆಕ್ಕದಿಂದ ತಪ್ಪಿಸಲಾಗುತ್ತಿತ್ತೆಂಬುದು ಬಳಿಕ ಬಯಲಾಯಿತು. ೨೦೦೮ರಲ್ಲಿ ಗೃಹಗಳಿಗೆ ಒಂದರಿಂದ ಐದರವರೆಗೆ ನಕ್ಷತ್ರಗಳನ್ನು ಕೊಡುವ ಪದ್ಧತಿ ಬಂದಾಗಲೂ, ಎಷ್ಟು ಜನ ದಾದಿಯರಿದ್ದಾರೆಂಬ ಲೆಕ್ಕವನ್ನು ಬಹುಕಾಲ ಗೃಹಗಳೇ ಬರೆದುಕೊಡುತ್ತಿದ್ದವು. ಸಂಬಳದ ಪಟ್ಟಿಯ ಆಧಾರದಿಂದ ಅದನ್ನು ಸಂಗ್ರಹಿಸತೊಡಗಿದ್ದು ೨೦೧೬ರಿಂದ.

ಸಿಬ್ಬಂದಿಯ ಸಂಖ್ಯೆಯೇ ಇಲ್ಲಿ ಮೂಲ ವಿಷಯ. ಹಾಸಿಗೆ ಹಿಡಿದವರನ್ನು ಹೊತ್ತುಹೊತ್ತಿಗೆ ಮಗ್ಗುಲು ಬದಲಿಸದಿದ್ದರೆ ಹುಣ್ಣಾಗುತ್ತದೆ. ನುಂಗಲು ತೊಡಕಾದವರಿಗೆ ತುತ್ತು ತುತ್ತಾಗಿ ಉಣಿಸಲು ಅರ್ಧ ತಾಸು ಬೇಕು. ಒಬ್ಬಳೇ ಸಹಾಯಕಿಗೆ ಹತ್ತಾರು ಜನರನ್ನು ಒಪ್ಪಿಸಿದರೆ, ಅವಳಲ್ಲಿ ಎಷ್ಟು ಕರುಣೆಯಿದ್ದರೂ ಕೈಗಳೆರಡೇ. ಪ್ರತಿ ನಿವಾಸಿಗೆ ದಿನಕ್ಕೆ ೪.೧ ತಾಸಿನಷ್ಟು ಶುಶ್ರೂಷೆ ದೊರೆಯದಿದ್ದರೆ ಆರೈಕೆಯು ಕೆಡುತ್ತದೆಂದು ೨೦೦೧ರಲ್ಲಿಯೇ ಸರಕಾರದ ಅಧ್ಯಯನವೊಂದು ಸೂಚಿಸಿತ್ತು. ೨೦೨೪ರಲ್ಲಿ ೩.೪೮ ತಾಸಿನ ಕನಿಷ್ಠ ಮಿತಿಯನ್ನು ನಿಯಮವಾಗಿ ಪ್ರಕಟಿಸಲಾಯಿತು. ಅಷ್ಟು ಜನ ದೊರೆಯುವುದಿಲ್ಲ, ವೆಚ್ಚ ಭರಿಸಲಾಗದು ಎಂದು ಗೃಹಗಳ ಒಡೆಯರು ನ್ಯಾಯಾಲಯಕ್ಕೆ ಹೋದರು. ೨೦೨೫ರ ಏಪ್ರಿಲಿನಲ್ಲಿ ಟೆಕ್ಸಸ್ ರಾಜ್ಯದ ಕೇಂದ್ರ ನ್ಯಾಯಾಲಯವು ಆ ನಿಯಮವನ್ನು ರದ್ದುಗೊಳಿಸಿತು. ಅದೇ ಜುಲೈನ ಕಾಯಿದೆಯೊಂದು ೨೦೩೪ರವರೆಗೆ ಅದರ ಜಾರಿಯನ್ನು ತಡೆಯಿತು. ನಿವಾಸಿಗಳು ೧೯೮೫ರಲ್ಲಿ ಮೊದಲು ಹೇಳಿದ ಮಾತೇ ಇನ್ನೂ ಕಾಯಿದೆಯಾಗಿ ನಿಂತಿಲ್ಲ.

೨೦೨೦ರ ಕೋವಿಡ್ ಮಹಾಮಾರಿಯು ಕಾವಲಿನ ಬೆಲೆಯನ್ನು ಇನ್ನೊಂದು ರೀತಿಯಲ್ಲಿ ತಿಳಿಸಿತು. ಸೋಂಕನ್ನು ತಡೆಯಲೆಂದು ಆ ವರ್ಷದ ಮಾರ್ಚಿಯಲ್ಲಿ ಗೃಹಗಳ ಬಾಗಿಲುಗಳನ್ನು ಬಂಧುಗಳಿಗೆ ಮುಚ್ಚಲಾಯಿತು. ಓಂಬುಡ್ಸ್‌ಮನ್ನರ ಪ್ರವೇಶವೂ ನಿಂತಿತು. ದಿನವೂ ಬಂದು ತಾಯಿಗೆ ಉಣಿಸುತ್ತಿದ್ದ ಮಗಳು ಕಿಟಕಿಯ ಗಾಜಿನ ಹೊರಗೆ ನಿಂತಳು. ೨೦೨೨ರ ಆರಂಭದ ಹೊತ್ತಿಗೆ ದೀರ್ಘಕಾಲದ ಆರೈಕೆಯ ಸಂಸ್ಥೆಗಳ ನಿವಾಸಿಗಳೂ ಸಿಬ್ಬಂದಿಯೂ ಕೂಡಿ ಎರಡು ಲಕ್ಷಕ್ಕೂ ಹೆಚ್ಚು ಜನರು ಕೋವಿಡಿಗೆ ಬಲಿಯಾಗಿದ್ದರು. ಬಂಧುಗಳೆಂದರೆ ಬಂದುಹೋಗುವ ಅತಿಥಿಗಳಷ್ಟೇ ಅಲ್ಲ, ಆರೈಕೆಯ ಒಂದು ಭಾಗವೇ ಆಗಿದ್ದರೆಂಬುದು ಅವರು ಇಲ್ಲದಾಗ ಎಲ್ಲರ ಅರಿವಿಗೆ ಬಂದಿತು.

ದೂರದೇಶದ ಈ ಕಥೆಯಿಂದ ನಮಗೇನೆಂದು ವಾಚಕರು ಕೇಳಬಹುದು. ಮಕ್ಕಳು ಪರಊರು ಪರದೇಶಗಳಲ್ಲಿ ನೆಲೆಸಿ, ತಂದೆತಾಯಿಗಳು ವೃದ್ಧಾಶ್ರಮ ಸೇರುವುದು ನಮ್ಮ ನಗರಗಳಲ್ಲಿಯೂ ಅಪರೂಪವಾಗಿ ಉಳಿದಿಲ್ಲ. ೨೦೦೭ರ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯಿದೆಯು ಜಿಲ್ಲೆಗೊಂದಾದರೂ ವೃದ್ಧಾಶ್ರಮ, ಅದರಲ್ಲಿ ಕನಿಷ್ಠ ೧೫೦ ನಿರ್ಗತಿಕ ಹಿರಿಯರಿಗೆ ಸ್ಥಳ ಎಂಬ ಗುರಿಯನ್ನಿಟ್ಟಿದೆ. ಮಕ್ಕಳಿಂದ ಜೀವನಾಂಶ ಕೊಡಿಸುವ ನ್ಯಾಯಮಂಡಳಿಗಳನ್ನೂ ಏರ್ಪಡಿಸಿದೆ. ಖಾಸಗಿ ಆರೈಕೆಯ ಮನೆಗಳ ನೋಂದಣಿ ಮತ್ತು ಮಟ್ಟಗಳನ್ನು ವಿಧಿಸುವ ತಿದ್ದುಪಡಿ ಮಸೂದೆಯು ೨೦೧೯ರಲ್ಲಿ ಲೋಕಸಭೆಯ ಮುಂದೆ ಬಂದಿತಾದರೂ ಆ ಸಭೆಯ ಅವಧಿಯಲ್ಲಿ ಅಂಗೀಕಾರವಾಗಲಿಲ್ಲ. ಹಿರಿಯರ ದೂರುಗಳಿಗಾಗಿ ೧೪೫೬೭ ಎಂಬ ರಾಷ್ಟ್ರೀಯ ದೂರವಾಣಿ ಇದೆ. ಕಟ್ಟಡ ಕಟ್ಟುವ ಮಾತು ಮೊದಲು, ಒಳಗೆ ನೋಡುವ ಮಾತು ಅನಂತರ ಎಂಬ ಕ್ರಮದಲ್ಲಿಯೇ ನಾವೂ ನಡೆದಿರುವಂತೆ ತೋರುತ್ತದೆ.

ಆದುದರಿಂದ ನಿಮ್ಮವರು ಯಾರಾದರೂ ಇಂಥ ಮನೆಯಲ್ಲಿದ್ದರೆ, ಇಲ್ಲವೆ ಸೇರುವವರಿದ್ದರೆ, ಅಮೇರಿಕವು ಬಹಳ ಬೆಲೆ ತೆತ್ತು ಕಲಿತುದನ್ನು ನೀವು ಬೆಲೆಯಿಲ್ಲದೆ ಬಳಸಿಕೊಳ್ಳಬಹುದು. ಹೂದೋಟವನ್ನೂ ಹೊಳೆಯುವ ನೆಲವನ್ನೂ ನೋಡಿ ತೃಪ್ತರಾಗಬೇಡಿರಿ. ಹೇಳದೆ ಹೋಗಿರಿ, ಊಟದ ಹೊತ್ತಿಗೆ, ಸಂಜೆಗೆ, ರಜೆಯ ದಿನ ಹೋಗಿರಿ. ರಾತ್ರಿ ಎಷ್ಟು ಜನರನ್ನು ಎಷ್ಟು ಜನ ನೋಡಿಕೊಳ್ಳುತ್ತಾರೆಂದು ಕೇಳಿರಿ. ಕರೆಗಂಟೆಗೆ ಯಾರಾದರೂ ಬರುತ್ತಾರೆಯೇ, ನೀರು ಕೈಗೆಟಕುವಲ್ಲಿದೆಯೇ, ಕನ್ನಡಕವೂ ಕಟ್ಟಿಸಿದ ಹಲ್ಲೂ ಅವರವೇ ಆಗಿ ಅವರ ಬಳಿ ಇವೆಯೇ ಎಂದು ನೋಡಿರಿ. ತೂಕ ಇಳಿದಿದೆಯೇ, ಬೆನ್ನಿನಲ್ಲಿ, ಹಿಮ್ಮಡಿಯಲ್ಲಿ ಕೆಂಪಾಗಿದೆಯೇ, ಹಗಲೆಲ್ಲ ಮಂಪರಿದೆಯೇ ಎಂಬುದನ್ನು ಗಮನಿಸಿರಿ. ಯಾವ ಗುಳಿಗೆಯನ್ನು ಯಾತಕ್ಕಾಗಿ ಕೊಡುತ್ತಿದ್ದಾರೆಂದು ವೈದ್ಯರನ್ನು ವಿಚಾರಿಸಿರಿ. ಎಲ್ಲಕ್ಕಿಂತ ಮಿಗಿಲಾಗಿ, ಸಿಬ್ಬಂದಿಯು ಹತ್ತಿರವಿಲ್ಲದ ವೇಳೆ ಹಿರಿಯರ ಮಗ್ಗುಲಲ್ಲಿ ಕುಳಿತು, ಇಲ್ಲಿ ಹೇಗಿದ್ದೀರಿ ಎಂದು ಕೇಳಿರಿ. ಉತ್ತರವು ತಡವಾಗಿ ಬಂದೀತು, ತೊದಲಾಗಿ ಬಂದೀತು, ಕಾದು ಕೇಳಿರಿ. ಹಾಗೆಯೇ, ನೋಡಲು ಯಾರೂ ಬಾರದ ಪಕ್ಕದ ಮಂಚದವರನ್ನೂ ಒಂದು ಮಾತು ಕೇಳಿ ಬನ್ನಿರಿ. ಅವರ ಪಾಲಿಗೆ ಹೊರಗಿನ ಕಣ್ಣು ನೀವೊಬ್ಬರೇ ಇದ್ದೀರಿ.